ಜೋಗನಗಡ್ಡಿಯ ಒಂದನೆಯ ವಿಷಯ

ಲೋಕದಲ್ಲಿ ಒಂದು ಎಂಬ ಅಂಕಿ ಒಂದೇ ಇದೆ. ಆ ದಿನದ ತೊಂದರೆಯೆಲ್ಲ ಹುಟ್ಟಿದ್ದು ಅಲ್ಲಿಂದ.

ಪುಣೆಯ ಕಸಬಾ ಪೇಟೆಯಲ್ಲಿ ಕೃಷ್ಣಾಬಾಯಿಯವರ ವಾಡೆ. ಅದರ ಕೆಳಗಿನ ಕೋಣೆಯಲ್ಲಿ ಕಂಕಣಪುರ ಕಿರೇಪಾಲು ಸಂಸ್ಥಾನದ ಕಾರಕೂನ ಶಿವಪುತ್ರಪ್ಪ ಬೆಳಗಿನಿಂದ ಒಂದು ಹಾಳೆಯ ಮುಂದೆ ಕುಳಿತಿದ್ದ. ಮೇಲೆ ದುಂಡಗೆ ‘ವಿಷಯಪತ್ರಿಕೆ’ ಎಂದು ಬರೆದು ಅಡಿಗೆರೆ ಎಳೆದಿದ್ದ. ಕೆಳಗೆ ‘೧’ ಎಂದು ಬರೆದಿದ್ದ. ಅಲ್ಲಿಗೆ ಲೇಖಣಿ ನಿಂತಿತ್ತು, ಘಾಟಿನ ನಡುವೆ ಉಗಿ ತೀರಿದ ರೈಲಿನ ಹಾಗೆ.

ಕಂಕಣಪುರ ಹಿಂದೆ ಒಂದೇ ಸಂಸ್ಥಾನವಾಗಿತ್ತು. ಯಾವ ಕಾಲದಲ್ಲೋ ಅಣ್ಣತಮ್ಮಂದಿರು ಜಗಳಾಡಿ ಬೇರೆಯಾದರು. ಅಣ್ಣನದು ಹಿರೇಪಾಲು, ತಮ್ಮನದು ಕಿರೇಪಾಲು. ಊರುಗಳು, ಆನೆಗಳು, ಬೆಳ್ಳಿಯ ತಾಟುಗಳು, ಕುಲದೇವರ ಪೂಜೆಯ ಸರದಿ ಎಲ್ಲವೂ ಹಂಚಿಹೋದವು. ಕೃಷ್ಣಾ ನದಿಯ ನಡುವೆ ಜೋಗನಗಡ್ಡಿ ಎಂಬ ನಡುಗಡ್ಡೆಯೊಂದಿತ್ತು. ಅದನ್ನು ಬಿಡಲು ಅಣ್ಣನಿಗೂ ಮನಸ್ಸಿಲ್ಲ, ತಮ್ಮನಿಗೂ ಮನಸ್ಸಿಲ್ಲ. ಕೊನೆಗೆ ಅದರ ನಟ್ಟನಡುವೆ ಜಾಲಿಮುಳ್ಳಿನ ಬೇಲಿ ಹಾಕಿದರು. ಬೇಲಿ ಕುಡಿಯುವ ನೀರಿನ ಬಾವಿಯ ಮೇಲೆ ಹಾದುಹೋಯಿತು. ದೋಣಿಕಟ್ಟೆಯ ಮೇಲೂ ಹಾದುಹೋಯಿತು. ಅಂದಿನಿಂದ ಬಾವಿ ಯಾರದು, ಕಟ್ಟೆ ಯಾರದು ಎಂದು ಮೂರು ತಲೆಮಾರು ಕಾದಾಡಿತ್ತು. ಆ ಜಗಳದ ಕಾಗದಪತ್ರಕ್ಕೆಂದೇ ಎರಡೂ ಪಾಲಿನವರು ಪುಣೆಯಲ್ಲಿ ಒಂದೊಂದು ಕಚೇರಿ ಇಟ್ಟಿದ್ದರು.

ಈಗ ಸಾವಿರದ ಒಂಬೈನೂರ ನಲವತ್ತಾರನೆಯ ಇಸವಿ. ಇಂಗ್ಲಿಷರು ಗಂಟು ಕಟ್ಟುತ್ತಿದ್ದರು. ಸಣ್ಣ ಸಂಸ್ಥಾನಗಳೆಲ್ಲ ಕೂಡಿ ಒಂದು ಒಕ್ಕೂಟವಾಗಬೇಕು, ಅದಕ್ಕೆ ಮೊದಲು ಮನೆಜಗಳ ತೀರಿಸಿಕೊಳ್ಳಬೇಕು ಎಂದು ಮೇಲಿನ ಸಾಹೇಬರ ಅಪ್ಪಣೆಯಾಗಿತ್ತು. ಹೀಗಾಗಿ ಎರಡೂ ಪಾಲಿನ ದಿವಾನರು ಪುಣೆಗೆ ಬಂದು ಇಳಿದಿದ್ದರು. ಅಂದು ಮಧ್ಯಾಹ್ನ ಜೋಗನಗಡ್ಡಿಯ ಮುಂದಿನ ಗತಿಯ ಬಗ್ಗೆ ಮಾತುಕತೆ. ಯಾವ ವಿಷಯ ಮೊದಲು, ಯಾವುದು ಆಮೇಲೆ ಎಂದು ಬರೆದು ಇಬ್ಬರ ಸಹಿ ಹಾಕಿಸುವ ಕೆಲಸ ಕಾರಕೂನರ ಪಾಲಿಗೆ ಬಂದಿತ್ತು.

ಶಿವಪುತ್ರಪ್ಪ ಆ ನಡುಗಡ್ಡೆಯನ್ನು ಕಂಡವನಲ್ಲ. ಕಚೇರಿಯ ಗೋಡೆಯ ನಕಾಶೆಯಲ್ಲಿ ಅದು ಸುಲಿದ ಶೇಂಗಾದಷ್ಟಿತ್ತು, ಅರ್ಧ ಕೆಂಪು, ಅರ್ಧ ಹಸಿರು. ಆದರೂ ದಿನಾ ಬೆಳಗ್ಗೆ ಊದುಬತ್ತಿ ಹಚ್ಚುವಾಗ ದೇವರ ಪಟದ ಜೊತೆಗೆ ನಕಾಶೆಗೂ ಒಂದು ಸುತ್ತು ತೋರಿಸುತ್ತಿದ್ದ. ದೊಡ್ಡ ದೇಶದ ಗತಿ ದಿಲ್ಲಿಯಲ್ಲಿ ತೀರ್ಮಾನವಾಗುತ್ತಿರುವಾಗ ಒಂದು ನಡುಗಡ್ಡೆಯ ಗತಿ ತನ್ನ ಲೇಖಣಿಯ ತುದಿಗೆ ಬಂದು ನಿಂತಿದೆ ಎಂದು ನೆನೆದಾಗ ಅವನ ಮೈಯ ರೋಮ ಎದ್ದು ನಿಲ್ಲುತ್ತಿತ್ತು. ಬೆರಳಿಗೆ ಶಾಯಿ ಹತ್ತಿದರೆ ಒರೆಸಿಕೊಳ್ಳಲೂ ಅಂಜುತ್ತಿದ್ದ.

ಅಂಜಿಕೆಗೆ ಇನ್ನೊಂದು ಕಾರಣವೂ ಇತ್ತು. ಹಿಂದಿನ ದಿನ ದಿವಾನರು ಸ್ಪಷ್ಟವಾಗಿ ಹೇಳಿದ್ದರು. ಸಭೆ ಸುಸೂತ್ರವಾಗಿ ಕೂಡಬೇಕು. ವಿಷಯಪತ್ರಿಕೆಯ ಮೇಲೆಯೇ ಜಗಳವಾಗಿ ಮುರಿದರೆ ಪುಣೆಯ ಕಚೇರಿಯ ಬಾಗಿಲು ಹಾಕಿ, ಶಿವಪುತ್ರಪ್ಪ ಗಂಟುಮೂಟೆ ಸಮೇತ ಕಂಕಣಪುರಕ್ಕೆ ಮರಳಬೇಕು. ಅವನ ಮಗಳು ಪಾರವ್ವ ಇಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಓದುತ್ತಿದ್ದಳು. ಪರೀಕ್ಷೆ ಬರುವ ಬೇಸಿಗೆಗೆ. ಕಂಕಣಪುರದಲ್ಲಿ ಹೆಣ್ಣುಮಕ್ಕಳ ಸಾಲಿ ನಾಲ್ಕನೇ ಇಯತ್ತೆಗೆ ಮುಗಿದು, ಮುಂದೆ ಮದುವೆ ಶುರುವಾಗುತ್ತಿತ್ತು. ಹುಡುಗಿಗೆ ಓದುವ ತಲೆ ಇದೆ, ನಡುವೆ ಬಿಡಿಸಬೇಡಿ ಎಂದು ಮಾಸ್ತರಣಿ ತಾನೇ ಮನೆಗೆ ಬಂದು ಹೇಳಿ ಹೋಗಿದ್ದಳು. ಹೆಂಡತಿ ರುದ್ರವ್ವ ಆ ಮಾತನ್ನು ಗಂಡನಿಗೆ ದಿನಕ್ಕೊಮ್ಮೆ ನೆನಪಿಸುತ್ತಿದ್ದಳು, ಊಟಕ್ಕೆ ಉಪ್ಪಿನಕಾಯಿ ಬಡಿಸಿದಂತೆ.

ಕಿರೇಪಾಲಿನ ದಿವಾನರ ಆಜ್ಞೆ, ಒಂದನೆಯ ವಿಷಯ ಬಾವಿ. ಹಿರೇಪಾಲಿನ ದಿವಾನರ ಆಜ್ಞೆ, ಒಂದನೆಯ ವಿಷಯ ದೋಣಿಕಟ್ಟೆ. ಎರಡನೆಯ ಸ್ಥಾನಕ್ಕೆ ಇಳಿದರೆ ಸಂಸ್ಥಾನದ ಮೂಗು ಹೋದಂತೆ.

ಹಿರೇಪಾಲಿನ ಕಾರಕೂನ ಫಕೀರಪ್ಪ ಅದೇ ವಾಡೆಯ ಎದುರಿನ ಕೋಣೆಯಲ್ಲಿದ್ದ. ಸಂಸ್ಥಾನಗಳ ನಡುವೆ ಮೂರು ತಲೆಮಾರಿನ ವೈರವಿತ್ತು, ಕಾರಕೂನರ ನಡುವೆ ಒಂದೇ ಅಡಕತ್ತರಿ ಇತ್ತು. ಯಾರ ಬಳಿ ಇದೆಯೋ ಅವರ ಕಟ್ಟೆಗೆ ಇನ್ನೊಬ್ಬರು ಹೋಗಿ ಕೂಡುವುದು ರೂಢಿ. ಅಂದು ಫಕೀರಪ್ಪ ಬಂದು ಹಾಳೆ ನೋಡಿ ನಿಟ್ಟುಸಿರು ಬಿಟ್ಟ.

“ಎರಡನ್ನೂ ಒಂದಂತ ಬರ್ದುಬಿಡ್ರಿ ಶಿವಪುತ್ರಪ್ಪಾರ. ಬಾಜೂಬಾಜೂಕ.”

ಶಿವಪುತ್ರಪ್ಪ ಹಾಗೆಯೇ ಬರೆದ. ಎಡಕ್ಕೆ ಬಾವಿ, ಬಲಕ್ಕೆ ದೋಣಿಕಟ್ಟೆ, ಎರಡಕ್ಕೂ ಒಂದು. ಇಬ್ಬರೂ ಒಂದೇ ಟಾಂಗಾದಲ್ಲಿ ಹೊರಟು, ಬೇರೆ ಬೇರೆ ಬಂಗಲೆಗಳ ಮುಂದೆ ಇಳಿದು, ಮತ್ತೆ ಕೂಡಿ ಮರಳಿದರು. ಹಿರೇಪಾಲಿನವರು, ಕನ್ನಡ ಎಡದಿಂದ ಬಲಕ್ಕೆ ಓದುವ ಭಾಷೆ, ಎಡದ್ದೇ ಮೊದಲಾಯಿತು ಎಂದು ಹಾಳೆಯನ್ನು ಎಸೆದಿದ್ದರು. ಮಗ್ಗುಲು ಬದಲಿಸಿ ಬರೆದು ಒಯ್ದಾಗ ಕಿರೇಪಾಲಿನವರೂ ಕನ್ನಡ ಓದಬಲ್ಲವರೇ ಎಂದು ಗೊತ್ತಾಯಿತು.

ಆಮೇಲೆ ಫಕೀರಪ್ಪ ಬಳೆಯೊಂದನ್ನು ಇಟ್ಟು ಗುಂಡಗೆ ಗೆರೆ ಎಳೆದು, ಅದರ ಸುತ್ತ ವಿಷಯಗಳನ್ನು ಬರೆದ. ವೃತ್ತಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಕಿರೇಪಾಲಿನ ದಿವಾನರು ಹಾಳೆಯನ್ನು ತಿರುಗಿಸಿ ತಿರುಗಿಸಿ ಓದಿ, ಕಡೆಗೆ ತಲೆ ಸುತ್ತು ಬಂದು ಕಣ್ಣು ಮುಚ್ಚಿಕೊಂಡು, ಇದು ವಿಷಯಪತ್ರಿಕೆಯೋ ಯಾರದಾದರೂ ಜಾತಕವೋ ಎಂದು ಕೇಳಿದರು.

ಅಷ್ಟರಲ್ಲಿ ಸುದ್ದಿ ವಾಡೆಯೆಲ್ಲ ಹಬ್ಬಿತ್ತು. ಸಭೆ ನಡೆಯಬೇಕಾದ್ದೂ ಅದೇ ವಾಡೆಯ ಮಹಡಿಯ ದಿವಾನಖಾನೆಯಲ್ಲಿ. ಒಬ್ಬರ ಬಂಗಲೆಗೆ ಇನ್ನೊಬ್ಬರು ಹೋಗುವಂತಿರಲಿಲ್ಲ, ಹೋದವರು ಸಣ್ಣವರಾಗುತ್ತಾರೆ. ಹೀಗಾಗಿ ವಾಡೆಯವರೆಲ್ಲರಿಗೂ ಇದು ಮನೆಯ ಕಾರ್ಯವಾಗಿತ್ತು. ಮನೆಯ ಯಜಮಾನಿ ಕೃಷ್ಣಾಬಾಯಿ ಗಣಪತಿಯ ಮುಂದೆ ಚೀಟಿ ಎತ್ತಿಸಿ ಎಂದರು. ದೇವರೇ ಹೇಳಿದರೂ ನಮ್ಮ ದಿವಾನರು ಎರಡನೆಯವರಾಗಲಿಕ್ಕಿಲ್ಲ ಎಂದು ಫಕೀರಪ್ಪ ಕೈಮುಗಿದ. ಹಿತ್ತಿಲ ಕೊಟ್ಟಿಗೆಯ ಗೌಳಿ ಒಂದನೆಯದನ್ನು ಬಿಟ್ಟು ಎರಡರಿಂದ ಶುರುಮಾಡಿ ಎಂದ. ಅದನ್ನೂ ಬರೆದು ನೋಡಿದರು. ಒಂದರ ಜಾಗ ಖಾಲಿ ಕಂಡೊಡನೆ ಇಬ್ಬರು ದಿವಾನರೂ ಅದು ತಮಗೆಂದೇ ಬಿಟ್ಟದ್ದು ಎಂದುಕೊಂಡರು.

ಬೀದಿಯ ಬದಿಯ ಕೋಣೆಗಳಲ್ಲಿ ಮಂಗಳೂರು ಕಡೆಯ ಭುಜಂಗ ಹೋಟೆಲು ನಡೆಸುತ್ತಿದ್ದ. ಅವನು ಕೈ ಒರೆಸಿಕೊಳ್ಳುತ್ತ ಬಂದು ಹರಿದ ಹಾಳೆಗಳ ರಾಶಿ ನೋಡಿದ.

“ನೀವು ಯಾಕೆ ತಲೆ ಬಿಸಿ ಮಾಡುದು ಮಾರಾಯ್ರೆ? ಒಂದನೇದು ಸತ್ಕಾರ ಅಂತ ಬರೀರಿ. ಬಾವಿ ಬೇಡ ಅನ್ನುವವರು ಉಂಟು, ಕಟ್ಟೆ ಬೇಡ ಅನ್ನುವವರು ಉಂಟು. ತಿಂಡಿ ಬೇಡ ಅಂದ ದಿವಾನನನ್ನು ನಾನು ನೋಡ್ಲಿಲ್ಲ.”

ಕಾರಕೂನರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಂದು, ಸತ್ಕಾರ. ಅದರ ಕೆಳಗೆ, ಅಂಕಿಯೇ ಇಲ್ಲದೆ, ‘ಉಳಿದ ವಿಷಯಗಳು’. ಎರಡೂ ಬಂಗಲೆಗಳಲ್ಲಿ ತಕರಾರಿಲ್ಲದೆ ಸಹಿ ಬಿತ್ತು. ಆ ಎರಡು ಸಹಿಗಳು ಒಂದೇ ಹಾಳೆಯ ಮೇಲೆ ಒಣಗುವುದನ್ನು ಶಿವಪುತ್ರಪ್ಪ ಉಸಿರು ಬಿಗಿಹಿಡಿದು ನೋಡಿದ. ಮೂರು ತಲೆಮಾರಿನಲ್ಲಿ ಮೊದಲ ಸಲ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಟಾಂಗಾ ಏರಿದ. ದಾರಿಯಲ್ಲಿ ಗಾಳಿ ಬೀಸಿದಾಗಲೆಲ್ಲ ಒಂದು ನಡುಗಡ್ಡೆಯೇ ಕೈಯಲ್ಲಿ ಅಲುಗಾಡಿದಂತಾಯಿತು.

ಆಮೇಲಿನದು ಮೆಟ್ಟಿಲಿನ ಪ್ರಶ್ನೆ. ದಿವಾನಖಾನೆಗೆ ಮುಂದಿನಿಂದ ಒಂದೇ ಮೆಟ್ಟಿಲು, ಅದರಲ್ಲಿ ಒಬ್ಬರು ಮುಂದೆ ಹತ್ತಿದರೆ ಇನ್ನೊಬ್ಬರು ಹಿಂದೆ. ಹಿಂಬದಿಯ ಮೆಟ್ಟಿಲು ಭುಜಂಗನ ಅಡಿಗೆಮನೆಯ ಮೂಲಕ ಹೋಗುತ್ತಿತ್ತು. ಫಕೀರಪ್ಪ ತನ್ನ ದಿವಾನರಿಗೆ ಹಿಂಬದಿಯದೇ ವಾಡೆಯ ಮೂಲ ಮೆಟ್ಟಿಲು, ಮುಂದಿನದು ಮೊನ್ನೆ ಮೊನ್ನೆ ಕಟ್ಟಿದ್ದು ಎಂದು ನಂಬಿಸಿದ. ಕುರ್ಚಿಗಳನ್ನು ಕೃಷ್ಣಾಬಾಯಿಯವರೇ ದಾರ ಹಿಡಿದು ಅಳೆದರು. ಒಂದು ಅಂಗುಲ ಎತ್ತರವಿದ್ದ ಕುರ್ಚಿಯ ಕಾಲನ್ನು ಬಡಗಿ ಕೊಯ್ದ. ಕೊಯ್ದ ಮೇಲೆ ಅದು ಒಂದು ಅಂಗುಲ ಗಿಡ್ಡವಾಯಿತು. ಇನ್ನೊಂದನ್ನೂ ಕೊಯ್ಯಬೇಕಾಯಿತು, ಆಮೇಲೆ ಮತ್ತೆ ಮೊದಲಿನದನ್ನು. ಸಭೆಯ ಹೊತ್ತಿಗೆ ಎರಡೂ ಕುರ್ಚಿಗಳು ಮಣೆಗಿಂತ ಸ್ವಲ್ಪ ಮಾತ್ರ ಎತ್ತರ ಉಳಿದಿದ್ದವು.

ಸತ್ಕಾರದ ಮಾತು ಬಂದಾಗ ಭುಜಂಗ ಶಿರಾ, ಚೂಡಾ, ಚಹಾ ಎಂದು ಲೆಕ್ಕ ಹಾಕಿದ. ಶಿವಪುತ್ರಪ್ಪನಿಗೆ ಅಷ್ಟು ಸಾಲದೆನಿಸಿತು. ಅವನ ಕಡೆ ಯಾವ ಶುಭಕಾರ್ಯವೂ ವೀಳ್ಯದಿಂದ ಮೊದಲಾಗಬೇಕು. ಕರೆಯುವುದಕ್ಕೆ ವೀಳ್ಯ, ಮಾತು ಕೊಡುವುದಕ್ಕೆ ವೀಳ್ಯ, ಹೆಣ್ಣು ಒಪ್ಪುವುದಕ್ಕೆ ವೀಳ್ಯ. ಫಕೀರಪ್ಪನೂ ಹೌದೆಂದ. ದಿವಾನರ ಸಭೆಯೆಂದ ಮೇಲೆ ಬರೀ ಎಲೆ ಅಡಿಕೆ ಸಾಲದು, ಅತ್ತರೂ ಇರಲಿ ಎಂದ. ಬೆಳ್ಳಿಯ ಅತ್ತರುದಾನಿಯನ್ನು ಕೃಷ್ಣಾಬಾಯಿಯವರ ಪೆಟ್ಟಿಗೆಯಿಂದ ಕೇಳಿ ತಂದರು. ಅವರು ಕೊಡುವಾಗ ಕೊನೆಗೆ ನೆನಪಿನಿಂದ ಮರಳಿಸಿ ಎಂದರು. ಸಮಾನತೆ ತಪ್ಪಬಾರದೆಂದು, ಕಿರೇಪಾಲಿನ ದಿವಾನರಿಗೆ ಫಕೀರಪ್ಪ, ಹಿರೇಪಾಲಿನ ದಿವಾನರಿಗೆ ಶಿವಪುತ್ರಪ್ಪ, ಒಂದೇ ಗಳಿಗೆಯಲ್ಲಿ ಕೊಡಬೇಕೆಂದು ನಿಶ್ಚಯವಾಯಿತು. ಇಬ್ಬರೂ ಖಾಲಿ ಕುರ್ಚಿಗಳ ಮುಂದೆ ಬಗ್ಗಿ ಎದ್ದು ತಾಲೀಮು ಮಾಡಿದರು.

ಮಧ್ಯಾಹ್ನ ದಿವಾನರು ಬಂದರು.

ಶಿವಪುತ್ರಪ್ಪ ಮುಂದೆ ಬಹಳ ದಿನ ಆ ಗಳಿಗೆಯನ್ನು ನೆನೆಯುತ್ತಿದ್ದ. ಮುಂದಿನ ಬಾಗಿಲಿನಿಂದ ಕಿರೇಪಾಲು, ಹಿಂದಿನ ಬಾಗಿಲಿನಿಂದ ಹಿರೇಪಾಲು. ಒಬ್ಬರದು ಕೆಂಪು ರುಮಾಲು, ಒಬ್ಬರದು ಬಿಳಿ. ಜರಿಯ ಅಂಚಿನ ಉಪರಣೆಗಳು ನೆಲ ಮುಟ್ಟುತ್ತಿದ್ದವು. ಹಿರೇಪಾಲಿನವರಿಂದ ಇಂಗಿನ ಒಗ್ಗರಣೆಯ ವಾಸನೆ ತುಸು ಬರುತ್ತಿತ್ತು, ಆದರೆ ಆ ಮುಖದ ಗಾಂಭೀರ್ಯದ ಮುಂದೆ ಅದೂ ಧೂಪದಂತೆ ತೋರಿತು. ಇಬ್ಬರೂ ಒಂದೇ ಸಲ ನಮಸ್ಕರಿಸಿ ಒಂದೇ ಸಲ ಕುಳಿತರು. ಕುರ್ಚಿಗಳ ಗಿಡ್ಡತನಕ್ಕೆ ಇಬ್ಬರ ಮೊಣಕಾಲೂ ಎದೆಯ ಹತ್ತಿರ ಬಂದವು. ಯಾರೂ ನಗಲಿಲ್ಲ. ಹೊರಗೆ ಟಾಂಗಾಗಳ ಸದ್ದು ಕೂಡ ತಗ್ಗಿದಂತಾಯಿತು. ಗೋಡೆಯ ಮೇಲೆ ಕಿಟಕಿಯ ಬಿಸಿಲು ಕಚೇರಿಯಿಂದ ತಂದು ತೂಗಿದ್ದ ನಕಾಶೆಯವರೆಗೆ ಬಂದು, ಕೆಂಪು ಹಸಿರು ಎರಡೂ ಒಂದೇ ಬಣ್ಣವಾಗಿ ಹೊಳೆದವು. ಕಂಬದ ಮರೆಯಲ್ಲಿ ನಿಂತ ಶಿವಪುತ್ರಪ್ಪನ ಕಣ್ಣು ತುಂಬಿತು. ನಾಳೆಯಿಂದ ಆ ಬಾವಿಯ ನೀರು ಎಲ್ಲರದು ಎಂದು ಅವನಿಗೆ ಖಚಿತವಾಯಿತು. ಪಾರವ್ವ ಮ್ಯಾಟ್ರಿಕ್ ಪಾಸಾಗುವುದೂ ಅಷ್ಟೇ ಖಚಿತವಾಯಿತು.

ಒಂದನೆಯ ವಿಷಯ, ಸತ್ಕಾರ. ಶಿರಾ ಬಂತು. ಇಬ್ಬರೂ ಸಮಸಮ ತಿಂದರು. ಚಹಾ ಬಂತು. ಆಗ ಕಾರಕೂನರಿಬ್ಬರೂ ಅಡ್ಡ ದಾಟಿ, ಬೆಳಗಿನ ತಾಲೀಮಿನಂತೆಯೇ ಬಗ್ಗಿ, ಎದುರು ಪಾಲಿನ ದಿವಾನರ ಮುಂಗೈಗೆ ಅರಳೆಯಿಂದ ಅತ್ತರು ಸವರಿ ವೀಳ್ಯ ಕೊಟ್ಟರು.

ದಿವಾನರಿಬ್ಬರೂ ಒಮ್ಮೆ ವೀಳ್ಯವನ್ನು ನೋಡಿದರು. ಒಮ್ಮೆ ಒಬ್ಬರನ್ನೊಬ್ಬರು ನೋಡಿದರು. ಬಳಿಕ, ಯಾರು ಮೊದಲೆಂದು ಹೇಳಲಾಗದಂತೆ, ಇಬ್ಬರೂ ಎದ್ದು ನಿಂತರು. ಕೈಮುಗಿದರು. ಒಬ್ಬರು ಮುಂದಿನ ಮೆಟ್ಟಿಲು, ಒಬ್ಬರು ಹಿಂದಿನ ಮೆಟ್ಟಿಲು. ಕೆಳಗೆ ಎರಡು ಮೋಟಾರುಗಳು ಒಟ್ಟಿಗೆ ಹೊರಟ ಸದ್ದು ಕೇಳಿಸಿತು.

ಫಕೀರಪ್ಪ ಅತ್ತರುದಾನಿ ಹಿಡಿದೇ ಕಿಟಕಿಯಿಂದ ಬಗ್ಗಿ ನೋಡಿದ.

“ಎಲ್ಲಿ ಹೋದ್ರು?” ಎಂದ.

“ಬರ್ತಾರ. ಹೊರಗ ಹೋಗಿರಬೇಕು,” ಎಂದ ಶಿವಪುತ್ರಪ್ಪ. ಅವನಿಗೂ ನಂಬಿಕೆಯಿರಲಿಲ್ಲ.

ಅತ್ತರುದಾನಿ ಒಯ್ಯಲು ಬಂದ ಕೃಷ್ಣಾಬಾಯಿ ಖಾಲಿ ಕುರ್ಚಿಗಳನ್ನು ಕಂಡು ಸಭೆ ಇಷ್ಟು ಬೇಗ ಮುಗಿಯಿತೇ ಎಂದರು. ನಡೆದದ್ದನ್ನು ಕೇಳಿ ಹಣೆ ಹಣೆ ಬಡಿದುಕೊಂಡರು. ಅವರ ಯಜಮಾನರು ಬದುಕಿದ್ದಾಗ ಸರದಾರರೊಬ್ಬರ ಕಾರಭಾರಿಗಳು. ದರಬಾರಿನ ರೀತಿ ಅವರಿಗೆ ಮನೆಯ ಮಾತು. ದರಬಾರಿನಲ್ಲಿ ಅತ್ತರು ವೀಳ್ಯ ಕೊಟ್ಟರೆಂದರೆ ಇನ್ನು ನೀವು ಹೊರಡಬಹುದು ಎಂದರ್ಥ. ಕೊಟ್ಟ ಮೇಲೂ ಕೂತವನು ಮಾನಗೇಡಿ. ಅದರಲ್ಲೂ ಎದುರು ಪಕ್ಷದವನ ಕೈಯಿಂದ ಬಂದರೆ ಎದುರು ಪಕ್ಷವೇ ಎದ್ದು ಹೋಗೆಂದಂತೆ.

ಕಾರಕೂನರಿಬ್ಬರೂ ಎಷ್ಟೋ ದರಬಾರು ಕಂಡಿದ್ದರು, ಆದರೆ ಬಾಗಿಲಿನ ಹೊರಗಿನಿಂದ. ಒಳಗಿನಿಂದ ಅತ್ತರಿನ ವಾಸನೆ ಬಂದರೆ ಓಡಿಹೋಗಿ ಜೋಡುಗಳನ್ನು ಸಾಲಾಗಿ ಇಡಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ವಾಸನೆಗೂ ದರಬಾರು ಮುಗಿಯುವುದಕ್ಕೂ ಸಂಬಂಧವಿದೆ ಎಂದು ಈವರೆಗೆ ಹೊಳೆದಿರಲಿಲ್ಲ.

ಕೆಳಗೆ ರುದ್ರವ್ವನಿಗೆ ಸುದ್ದಿ ಮುಟ್ಟಿತ್ತು. ಅಟ್ಟದಿಂದ ಟ್ರಂಕು ಇಳಿಸಿ ಅದರ ಧೂಳು ಒರೆಸತೊಡಗಿದಳು. ಅವಳು ಬೈದಿದ್ದರೆ ಶಿವಪುತ್ರಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಭುಜಂಗ ಮಾತ್ರ ಶಿರಾ ಪೂರ್ತಿ ಖರ್ಚಾಯಿತೆಂದು ಸಂತೋಷದಿಂದಿದ್ದ.

ಇಳಿಹೊತ್ತಿಗೆ ಎರಡೂ ಬಂಗಲೆಗಳಿಂದ ಕರೆ ಬಂತು. ಶಿವಪುತ್ರಪ್ಪ ಗಲ್ಲಿಗೆ ಹೊರಟವನಂತೆ ಟಾಂಗಾ ಏರಿದ. ದಿವಾನರು ಆರಾಮಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಅವನನ್ನು ಕಂಡು ನಕ್ಕರು. ಅವರು ನಕ್ಕದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

“ಶಿವಪುತ್ರಪ್ಪ, ಈ ಸಭಾ ನಮ್ಮ ಅಜ್ಜನ ಕಾಲದಾಗೊಮ್ಮೆ ಆಗಿತ್ತು, ಅಪ್ಪನ ಕಾಲದಾಗೊಮ್ಮೆ ಆಗಿತ್ತು. ಒಂದರಾಗ ರುಮಾಲು ಹಾರಿದ್ವು, ಒಂದರಾಗ ಕತ್ತಿ ಹಿರಿದಿದ್ರು. ಇವತ್ತ ಒಂದು ಕೆಟ್ಟ ಮಾತಿಲ್ಲದ ಮುಗೀತು. ಮಹಾರಾಜರು ಒಂದು ಅಂಗುಲ ನೆಲಾ ಬಿಡಬ್ಯಾಡ ಅಂದಿದ್ರು. ಬಿಡಲಿಲ್ಲ. ಸಾಹೇಬರು ಸಭಾ ಕೂಡ್ರಿ ಅಂದಿದ್ರು. ಕೂಡಿದಿವಿ. ನಿನ್ನ ತಲೀ ನನಗ ಇಷ್ಟು ದಿನ ತಿಳದಿದ್ದಿಲ್ಲ.”

ಸಭೆ ಗೌರವದಿಂದ ಕೂಡಿ ಗೌರವದಿಂದ ಮುಗಿಯಿತೆಂದು ಎರಡೂ ಕಡೆಯಿಂದ ಆಗಲೇ ತಂತಿ ಹೋಗಿತ್ತು. ಹಿರೇಪಾಲಿನ ದಿವಾನರೂ ಅಷ್ಟೇ ಸಂತೋಷಪಟ್ಟಿದ್ದರಂತೆ. ಇಂಥ ಚಾಣಾಕ್ಷರನ್ನು ಬರೀ ಬರೆಯುವ ಕೆಲಸಕ್ಕೆ ಇಡುವುದು ಅನ್ಯಾಯವೆಂದು ಇಬ್ಬರಿಗೂ ತೋರಿತ್ತು. ಹೊಸ ಸ್ನೇಹದ ಗುರುತಿಗೆ ಎರಡೂ ಪಾಲಿನವರು ನಡುಗಡ್ಡೆಯ ಮೇಲೆ ಒಬ್ಬೊಬ್ಬ ಕಾಯಂ ಅಧಿಕಾರಿಯನ್ನು ಇಡಬೇಕು. ಆಚೆಯ ಅರ್ಧಕ್ಕೆ ಫಕೀರಪ್ಪ, ಈಚೆಯ ಅರ್ಧಕ್ಕೆ ಶಿವಪುತ್ರಪ್ಪ. ಹುಣ್ಣಿಮೆಯೊಳಗೆ ಹೋಗಿ ಸೇರಬೇಕು. ಜಗಳವೇ ಇಲ್ಲವೆಂದ ಮೇಲೆ ಪುಣೆಯ ಕಚೇರಿಗೂ ವಾಡೆಯ ಕೋಣೆಗಳಿಗೂ ಸಂಸ್ಥಾನ ಇನ್ನು ಬಾಡಿಗೆ ಕೊಡಬೇಕಾದ್ದಿಲ್ಲ. ಹೆಂಡತಿ ಮಕ್ಕಳನ್ನು ಸಂಸ್ಥಾನದ ದೋಣಿಯಲ್ಲೇ ಕರೆದೊಯ್ಯುತ್ತೇವೆ ಎಂದು ದಿವಾನರು ಔದಾರ್ಯದಿಂದ ಹೇಳಿದರು.

ಶಿವಪುತ್ರಪ್ಪ ಮಗಳ ಪರೀಕ್ಷೆಯ ಮಾತೆತ್ತಲು ಬಾಯಿ ತೆರೆದ. ಆದರೆ ಅರ್ಧ ನಡುಗಡ್ಡೆಯ ಅಧಿಪತ್ಯ ತಲೆಯ ಮೇಲೆ ಇಳಿದು ಕುಳಿತ ಆ ಗಳಿಗೆಯಲ್ಲಿ ನಾಲಿಗೆ ಹೊರಳಲಿಲ್ಲ. ನಮಸ್ಕರಿಸಿ ಹಿಂದೆ ಹಿಂದೆ ನಡೆದು ಹೊರಬಂದ.

ವಾಡೆಯಲ್ಲಿ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಭುಜಂಗ ನಡುಗಡ್ಡೆಯಲ್ಲಿ ಹೋಟೆಲಿಗೆ ಜಾಗ ಸಿಗುವುದೋ ಎಂದು ಕೇಳಿದ. ಕೃಷ್ಣಾಬಾಯಿ ಹರಸಿದರು, ಕೋಣೆಗಳಿಗೆ ಬೇರೆ ಬಿಡಾರದವರು ಆಗಲೇ ಬಂದು ನೋಡಿ ಹೋಗಿದ್ದರು. ಫಕೀರಪ್ಪ ಕಟ್ಟೆಯ ಮೇಲೆ ಮೊಣಕಾಲು ತಬ್ಬಿ ಕುಳಿತಿದ್ದ. ರುದ್ರವ್ವ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಗಂಡನ ಮುಂದೆ ನಿಂತಳು.

“ಅಲ್ಲಿ ಸಾಲಿ ಅದ ಏನ್ರಿ?”

ಶಿವಪುತ್ರಪ್ಪ ಫಕೀರಪ್ಪನ ಕಡೆ ನೋಡಿದ. ಫಕೀರಪ್ಪ ತನ್ನ ದಿವಾನರನ್ನು ಕೇಳಿಕೊಂಡು ಬಂದಿದ್ದ, ಅವನಿಗೂ ಮಕ್ಕಳಿದ್ದವು.

“ಅದ ವೈನಿ. ಎರಡನೇ ಇಯತ್ತೆ ತನಕ. ಒಂದನೇದು ನಮ್ಮ ಪಾಲಿನ್ಯಾಗ, ಎರಡನೇದು ನಿಮ್ಮ ಪಾಲಿನ್ಯಾಗ. ಒಂದನೇದು ಪಾಸಾದ ಹುಡುಗ್ರು ಬೇಲಿ ದಾಟಬೇಕು. ದಾಟಾಕ ರಹದಾರಿ ಚೀಟಿ ಬೇಕು.”

“ಚೀಟಿ ಯಾರು ಬರಕೊಡೂದು?”

“ನಾವ. ಹೋಗಾಕ ನಾನು, ಬರಾಕ ಇವ್ರು.”

ರುದ್ರವ್ವ ಒಳಗೆ ಹೋದಳು. ಪಾರವ್ವ ದೀಪದ ಹತ್ತಿರ ಪುಸ್ತಕ ತೆರೆದು ಕುಳಿತಿದ್ದವಳು ತಲೆಯೆತ್ತಿದಳು. ರುದ್ರವ್ವ ಅವಳ ಪಕ್ಕದಿಂದ ಶಾಯಿಯ ದೌತಿ, ಲೇಖಣಿ, ಒಂದು ಬಿಳಿ ಹಾಳೆ ತಂದು ಗಂಡನ ಮುಂದಿಟ್ಟಳು.

“ಹಂಗಾದ್ರ ಇದೊಂದು ಬರೀರಿ, ಸಾಹೇಬ್ರ. ಪಾರಿ ಹೆಸರಿಗೆ ಒಂದು ರಹದಾರಿ. ಗಡ್ಡಿಯಿಂದ ಪುಣೆಕ್ಕ.”

ಶಿವಪುತ್ರಪ್ಪ ಲೇಖಣಿ ಎತ್ತಿಕೊಂಡ. ಸಾಹೇಬರೆಂದು ಯಾರೂ ಅವನನ್ನು ಈವರೆಗೆ ಕರೆದಿರಲಿಲ್ಲ. ಶಾಯಿಯಲ್ಲಿ ಅದ್ದಿ ಹಾಳೆಯವರೆಗೆ ಒಯ್ದು, ಮತ್ತೆ ಕೆಳಗಿಟ್ಟು ಮೆಲ್ಲಗೆ ಹೇಳಿದ:

“ನನ್ನ ಸಹಿ ಬೇಲಿ ತನಕ ಅಷ್ಟ ನಡೀತದಂತ.”